ಲ್ಯಾಂಡರ್ ಮಾತು ಭೂಮಿಗೆ ಮುಟ್ಟಿಸಲು ಯಾವ ಕಕ್ಷೆ? ರಿಲೇ ಆಯ್ಕೆಗಳ ಹೋಲಿಕೆ

ಚಂದ್ರನ ಅಥವಾ ಮಂಗಳನ ಲ್ಯಾಂಡರ್ ವಿನ್ಯಾಸವನ್ನು ಕೊನೆಯ ವರ್ಷದ ಪ್ರಾಜೆಕ್ಟಾಗಿ ತೆಗೆದುಕೊಂಡಿರುವ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಈ ಬರಹ. ಇಂಥ ವರದಿಗಳಲ್ಲಿ ಇಂಧನ, ಕಾಲುಗಳು, ಸೌರಫಲಕ ಇವುಗಳ ಲೆಕ್ಕ ಪುಟಗಟ್ಟಲೆ ಇರುತ್ತದೆ. ಸಂಪರ್ಕದ ಅಧ್ಯಾಯಕ್ಕೆ ಬಂದರೆ ‘ಆರ್ಬಿಟರ್ ಮೂಲಕ ದತ್ತಾಂಶ ರವಾನೆ’ ಎಂಬ ಒಂದೇ ಸಾಲು. ಆರ್ಬಿಟರ್ ಎಂದರೆ ಗ್ರಹವನ್ನೋ ಚಂದ್ರನನ್ನೋ ಸುತ್ತುವ ನೌಕೆ; ಅದು ಲ್ಯಾಂಡರಿನ ಮಾತನ್ನು ಭೂಮಿಗೆ ದಾಟಿಸುವುದೇ ರಿಲೇ. ಆ ಆರ್ಬಿಟರ್ ಎಷ್ಟು ಎತ್ತರದಲ್ಲಿದೆ, ದಿನಕ್ಕೆ ಎಷ್ಟು ಸಲ ಬರುತ್ತದೆ, ಬಂದಾಗ ಎಷ್ಟು ನಿಮಿಷ ಕಾಣುತ್ತದೆ ಎಂದು ಹೇಳದೆ ಹೋದರೆ ಬ್ಯಾಟರಿ, ಮೆಮೊರಿ, ಕೊನೆಗೆ ರೋವರಿನ ದಿನಚರಿ ಕೂಡ ಊಹೆಯ ಮೇಲೆ ನಿಂತಂತೆ.

ಆಯ್ಕೆಗೆ ಕೂರುವ ಮುಂಚೆ ಮೂರು ಉತ್ತರ ಬರೆದಿಟ್ಟುಕೊಳ್ಳಿ. ಇಳಿಯುವ ಜಾಗದ ಅಕ್ಷಾಂಶ, ರೇಖಾಂಶ ಎಷ್ಟು? ದಿನಕ್ಕೆ ಎಷ್ಟು ಮೆಗಾಬಿಟ್ ಕಳಿಸಲೇಬೇಕು? ಇಳಿಯುವ ಕೊನೆಯ ನಿಮಿಷಗಳ ಸುದ್ದಿ ಆಗಿಂದಾಗಲೇ ಬೇಕೇ, ಕೆಲವು ಗಂಟೆ ತಡವಾದರೂ ನಡೆಯುತ್ತದೆಯೇ? ಮುಕ್ಕಾಲು ಪಾಲು ತೀರ್ಮಾನ ಮೊದಲನೇ ಉತ್ತರದಲ್ಲೇ ಇದೆ.

ರಿಲೇ ಇಲ್ಲದೆ, ನೇರವಾಗಿ ಭೂಮಿಗೆ

ಚಂದ್ರನ ಈಚೆ ಮುಖದಲ್ಲಿ ಇಳಿಯುವುದಾದರೆ ಮೊದಲು ನೋಡಬೇಕಾದದ್ದು ಇದನ್ನೇ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದದ್ದು 69.37 ಡಿಗ್ರಿ ದಕ್ಷಿಣ, 32.32 ಡಿಗ್ರಿ ಪೂರ್ವದಲ್ಲಿ. ಆ ಜಾಗದಲ್ಲಿ ಭೂಮಿ ದಿಗಂತದಿಂದ ಸರಾಸರಿ 17 ಡಿಗ್ರಿ ಮೇಲೆ ನಿಂತಿರುತ್ತದೆ. ಚಂದ್ರನ ತೂಗಾಟದಿಂದ ಆ ಕೋನ ಕೆಲವು ಡಿಗ್ರಿ ಏರಿಳಿಯುತ್ತದೆ, ಆದರೆ ಭೂಮಿ ಮುಳುಗುವುದಿಲ್ಲ. ಹಾಗಾಗಿ ರೋವರ್ ಪ್ರಜ್ಞಾನ್ ತನ್ನ ಮಾತನ್ನು ವಿಕ್ರಮ್‌ಗೆ ಹೇಳುತ್ತಿತ್ತು, ವಿಕ್ರಮ್ ನೇರವಾಗಿ ಭೂಮಿಗೆ ಹೇಳುತ್ತಿತ್ತು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ 32 ಮೀಟರ್ ಆಂಟೆನಾ ಇರುವುದು ಇಂಥ ಕೆಲಸಕ್ಕೇ. 2019ರಿಂದ ಸುತ್ತುತ್ತಿರುವ ಚಂದ್ರಯಾನ-2ರ ಆರ್ಬಿಟರ್ ಜೊತೆಗೆ ಆಗಸ್ಟ್ 21ರಂದೇ ಎರಡೂ ಕಡೆಯ ಸಂಪರ್ಕ ಸಾಧಿಸಿದ್ದರು. ಅದು ಆಪತ್ತಿಗೆ ಇಟ್ಟುಕೊಂಡ ಎರಡನೇ ದಾರಿ. ಹೊಸದೊಂದು ರಿಲೇ ಆರ್ಬಿಟರ್ ಕಟ್ಟುವ ಖರ್ಚೂ ತೂಕವೂ ಉಳಿದವು.

ಇಲ್ಲಿರುವ ತೊಡಕು ಭೂಮಿಯ ಕಡೆಯದು. ಬ್ಯಾಲಾಳಿಗೆ ಚಂದ್ರ ಕಾಣುವುದು ದಿನದ ಅರ್ಧ ಹೊತ್ತು ಮಾತ್ರ. ಉಳಿದ ಹೊತ್ತಿಗೆ ಬೇರೆ ದೇಶಗಳ ನಿಲ್ದಾಣಗಳ ಸಮಯ ಬೇಡಬೇಕು. ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ಬರೆಯದಿದ್ದರೆ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೇ ಇದಾದೀತು.

ಮಂಗಳದಿಂದ ನೇರ ದಾರಿ ಇದೆ, ಆದರೆ ಬಲು ಕಿರಿದು. ನಾಸಾದ ಕ್ಯೂರಿಯಾಸಿಟಿ ರೋವರ್ ನೇರವಾಗಿ ಭೂಮಿಗೆ ಸೆಕೆಂಡಿಗೆ 500 ಬಿಟ್‌ನಿಂದ 32,000 ಬಿಟ್‌ವರೆಗೆ ಕಳಿಸಬಲ್ಲದು. ಆರ್ಬಿಟರ್ ತಲೆಯ ಮೇಲೆ ಹಾಯುವ ಸುಮಾರು ಎಂಟು ನಿಮಿಷದಲ್ಲಿ 100ರಿಂದ 250 ಮೆಗಾಬಿಟ್ ಮೇಲೇರುತ್ತದೆ. ಅದೇ 250 ಮೆಗಾಬಿಟ್ಟನ್ನು ನೇರವಾಗಿ ಕಳಿಸಲು 20 ಗಂಟೆಯವರೆಗೂ ಬೇಕಾಗಬಹುದು. ಹೀಗಾಗಿ ಅಲ್ಲಿ ಕೆಲಸ ಹಂಚಿಕೆಯಾಗಿದೆ: ಬೆಳಗಿನ ಆದೇಶಗಳು ಭೂಮಿಯಿಂದ ನೇರವಾಗಿ ರೋವರಿಗೆ, ಚಿತ್ರ ಮತ್ತು ಅಳತೆಗಳು ಆರ್ಬಿಟರ್ ಮೂಲಕ ಭೂಮಿಗೆ. ನಿಮ್ಮ ಮಂಗಳ ಪ್ರಾಜೆಕ್ಟಿನಲ್ಲೂ ಈ ಹಂಚಿಕೆಯನ್ನೇ ಇಟ್ಟುಕೊಳ್ಳಿ.

ತಗ್ಗಿನ ವೃತ್ತ ಕಕ್ಷೆ

ಹೆಚ್ಚಿನವರು ಆರಿಸುವುದು ಇದನ್ನು, ಹೆಚ್ಚಿನವರು ಲೆಕ್ಕ ಮಾಡದೆ ಬಿಡುವುದೂ ಇದನ್ನೇ. ಲೆಕ್ಕ ಸುಲಭ. ಗ್ರಹದ ತ್ರಿಜ್ಯವನ್ನು ತ್ರಿಜ್ಯ ಮತ್ತು ಎತ್ತರದ ಮೊತ್ತದಿಂದ ಭಾಗಿಸಿ. ಆರ್ಬಿಟರ್ ದಿಗಂತದಿಂದ ಕನಿಷ್ಠ ಎಷ್ಟು ಡಿಗ್ರಿ ಮೇಲಿರಬೇಕೆಂದು ತೀರ್ಮಾನಿಸಿ, ಆ ಕೋನದ ಕೊಸೈನ್‌ನಿಂದ ಗುಣಿಸಿ. ಬಂದದ್ದರ ವಿಲೋಮ ಕೊಸೈನ್‌ನಿಂದ ಆ ಕನಿಷ್ಠ ಕೋನವನ್ನು ಕಳೆಯಿರಿ. ಸಿಗುವುದು ಲ್ಯಾಂಡರಿನ ಸುತ್ತ ಆರ್ಬಿಟರ್ ಕಾಣುವ ವೃತ್ತದ ಅರ್ಧ ಅಗಲ, ಡಿಗ್ರಿಯಲ್ಲಿ.

ಕನಿಷ್ಠ ಕೋನವನ್ನು ಸೊನ್ನೆ ಎಂದು ಹಿಡಿಯಬೇಡಿ. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ನಿಂತವರಿಗೆ ನಂದಿಬೆಟ್ಟ, ಸ್ಕಂದಗಿರಿಗಳ ಹಿಂದೆ ಆಕಾಶದ ಬುಡ ಮರೆಯಾಗುವಂತೆ ಕುಳಿಯ ಗೋಡೆ ಲ್ಯಾಂಡರಿಗೂ ಅಡ್ಡ ಬರುತ್ತದೆ. 10 ಡಿಗ್ರಿ ಸುರಕ್ಷಿತ ಆರಂಭ.

ಚಂದ್ರನ ಮೇಲೆ 100 ಕಿ.ಮೀ. ಎತ್ತರದ ಧ್ರುವ ಕಕ್ಷೆಗೆ ಉತ್ತರ 11.4 ಡಿಗ್ರಿ. ಒಂದು ಸುತ್ತಿಗೆ 118 ನಿಮಿಷ. ನೆತ್ತಿಯ ಮೇಲೇ ಹಾದರೂ ಕಾಣುವುದು ಏಳೂವರೆ ನಿಮಿಷ. ಅಸಲು ವಿಷಯ ಇನ್ನು ಮುಂದಿದೆ. ಚಂದ್ರ ತನ್ನ ಸುತ್ತ ತಿರುಗಲು 27.3 ದಿನ ತೆಗೆದುಕೊಳ್ಳುವುದರಿಂದ ಕಕ್ಷೆಯ ಕೆಳಗೆ ನೆಲ ದಿನಕ್ಕೆ 13 ಡಿಗ್ರಿ ಮಾತ್ರ ಸರಿಯುತ್ತದೆ. ಸಮಭಾಜಕದ ಬಳಿ ಇಳಿದ ಲ್ಯಾಂಡರಿಗೆ ಆರ್ಬಿಟರ್ ಸುಮಾರು 1.7 ದಿನ ಪ್ರತಿ ಸುತ್ತಿನಲ್ಲೂ ಕಂಡು, ಆಮೇಲೆ ಹನ್ನೆರಡು ದಿನ ಕಾಣುವುದೇ ಇಲ್ಲ. ವಿಕ್ರಮ್ ಇಳಿದ ಅಕ್ಷಾಂಶಕ್ಕೆ ಇದೇ ಲೆಕ್ಕ ಹಾಕಿದರೆ ಐದು ದಿನ ಕಾಣುವಿಕೆ, ಎಂಟೂವರೆ ದಿನ ಅಂತರ. ಚಂದ್ರನ ಒಂದು ಹಗಲು ಹದಿನಾಲ್ಕು ದಿನ. ಆ ಹಗಲಷ್ಟೇ ಬದುಕುವ ಲ್ಯಾಂಡರ್ ಈ ಆರ್ಬಿಟರನ್ನೇ ಪೂರ್ತಿ ನೆಚ್ಚಿಕೊಂಡರೆ ಆಯಸ್ಸಿನ ಅರ್ಧಕ್ಕಿಂತ ಹೆಚ್ಚು ಮೂಕವಾಗಿ ಕಳೆಯುತ್ತದೆ. ಧ್ರುವಕ್ಕೆ ತೀರಾ ಹತ್ತಿರ ಇಳಿದರೆ ಮಾತ್ರ ಪ್ರತಿ ಎರಡು ಗಂಟೆಗೊಮ್ಮೆ ತಪ್ಪದೆ ಭೇಟಿ.

ಮಂಗಳದಲ್ಲಿ ಚಿತ್ರವೇ ಬೇರೆ, ಏಕೆಂದರೆ ಅಲ್ಲಿನ ದಿನ 24 ಗಂಟೆ 39 ನಿಮಿಷ. 400 ಕಿ.ಮೀ. ಕಕ್ಷೆಗೂ ಸುತ್ತಿನ ಅವಧಿ 118 ನಿಮಿಷವೇ, ಆದರೆ ಪ್ರತಿ ಸುತ್ತಿಗೆ ನೆಲ 28.8 ಡಿಗ್ರಿ ಸರಿಯುತ್ತದೆ. ಕಾಣುವ ಪಟ್ಟಿಯ ಅಗಲ 36.5 ಡಿಗ್ರಿ. ಅಂದರೆ ಸಮಭಾಜಕದ ಬಳಿಯ ಲ್ಯಾಂಡರಿಗೆ ಆರ್ಬಿಟರ್ ಉತ್ತರಕ್ಕೆ ಹೋಗುವಾಗ ಒಂದೋ ಎರಡೋ ಪಾಸ್ (ಆಕಾಶದಲ್ಲಿ ಹಾಯುವ ಒಂದು ಸರದಿ), ದಕ್ಷಿಣಕ್ಕೆ ಬರುವಾಗ ಒಂದೋ ಎರಡೋ. ದಿನವೂ ಸಿಗುತ್ತದೆ, ಅತಿ ಹೆಚ್ಚೆಂದರೆ 12 ನಿಮಿಷ. ಮಂಗಳದ ರಿಲೇ ಪದ್ಧತಿ ಇಷ್ಟು ಚೆನ್ನಾಗಿ ನಿಂತಿರುವುದರ ಗುಟ್ಟು ಇದು. ನಾಸಾದ ಆರ್ಬಿಟರ್ ಒಡಿಸ್ಸಿ ಸುಮಾರು 400 ಕಿ.ಮೀ., ಮಾರ್ಸ್ ರೆಕನೈಸೆನ್ಸ್ ಆರ್ಬಿಟರ್ 255ರಿಂದ 320 ಕಿ.ಮೀ., ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ 400 ಕಿ.ಮೀ. ಎತ್ತರದಲ್ಲಿ ನೆಲೆಸಿದ್ದು ಸುಮ್ಮನೆ ಅಲ್ಲ.

ಒಂದು ಪಾಸ್ ಹೇಗೆ ನಡೆಯುತ್ತದೆ ಎಂಬುದನ್ನು ಹಂತಹಂತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮೊದಲೇ ಹೇಳಿಟ್ಟ ಹೊತ್ತಿಗೆ ಲ್ಯಾಂಡರ್ ತನ್ನ ರೇಡಿಯೋ ಆನ್ ಮಾಡಿ ಕೇಳುತ್ತಾ ಕೂರುತ್ತದೆ. ಆರ್ಬಿಟರ್ 437.1 ಮೆಗಾಹರ್ಟ್ಝ್‌ನಲ್ಲಿ ಅದನ್ನು ಕರೆಯುತ್ತದೆ. ಲ್ಯಾಂಡರ್ 401.6ರ ಆಸುಪಾಸಿನಲ್ಲಿ ಓಗೊಡುತ್ತದೆ. ವೇಗ, ಕೋಡಿಂಗ್ ಒಪ್ಪಂದವಾದ ಮೇಲೆ ದತ್ತಾಂಶ ಕಂತುಕಂತಾಗಿ ಹೋಗುತ್ತದೆ. ಒಂದು ಕಂತು ತಲುಪದಿದ್ದರೆ ಲ್ಯಾಂಡರ್ ಅಲ್ಲಿಗೇ ಹಿಂತಿರುಗಿ ಅದರಿಂದ ಮುಂದಿನದೆಲ್ಲವನ್ನೂ ಮತ್ತೆ ಕಳಿಸುತ್ತದೆ. ಇದಕ್ಕೆ ಪ್ರಾಕ್ಸಿಮಿಟಿ-1 ಎಂಬ ಅಂತರರಾಷ್ಟ್ರೀಯ ಕಟ್ಟಳೆ ಇದೆ. ಅದನ್ನು ಪಾಲಿಸಿದ ಲ್ಯಾಂಡರ್ ಬೇರೆ ದೇಶದ ಆರ್ಬಿಟರ್ ಜೊತೆಗೂ ಮಾತಾಡಬಲ್ಲದು.

ವೇಗವನ್ನು ಒಂದೇ ಕಡೆ ಗಟ್ಟಿ ಮಾಡಬೇಡಿ. 400 ಕಿ.ಮೀ. ಕಕ್ಷೆಯ ಆರ್ಬಿಟರ್ ನೆತ್ತಿಯ ಮೇಲಿದ್ದಾಗ ದೂರ 400 ಕಿ.ಮೀ., 10 ಡಿಗ್ರಿಯಲ್ಲಿದ್ದಾಗ 1,200 ಕಿ.ಮೀ. ಮೂರು ಪಟ್ಟು ದೂರ, ಸಂಕೇತದ ಬಲ ಒಂಬತ್ತರಲ್ಲಿ ಒಂದು ಪಾಲು. ಬುಡದಲ್ಲಿ ನಡೆಯುವ ವೇಗಕ್ಕೇ ಕಟ್ಟಿಹಾಕಿದರೆ ನೆತ್ತಿಯ ಮೇಲಿನ ಅಮೂಲ್ಯ ನಿಮಿಷಗಳು ಪೋಲು. ನೆತ್ತಿಯ ವೇಗಕ್ಕೆ ಕಟ್ಟಿದರೆ ಪಾಸಿನ ಎರಡೂ ತುದಿ ಕೈಬಿಟ್ಟುಹೋಗುತ್ತವೆ. ಮಾರ್ಸ್ ರೆಕನೈಸೆನ್ಸ್ ಆರ್ಬಿಟರಿನಲ್ಲಿರುವ ಎಲೆಕ್ಟ್ರಾ ಎಂಬ ರೇಡಿಯೋ ಸಂಕೇತದ ಬಲ ನೋಡಿಕೊಂಡು ವೇಗವನ್ನು ಹೊತ್ತುಹೊತ್ತಿಗೆ ಬದಲಿಸುತ್ತದೆ, ಸೆಕೆಂಡಿಗೆ 2 ಮೆಗಾಬಿಟ್‌ವರೆಗೆ. ಹಳೆಯ ಒಡಿಸ್ಸಿಯದು ಹೆಚ್ಚೆಂದರೆ 256 ಕಿಲೋಬಿಟ್.

ಇನ್ನೊಂದು ಆಯ್ಕೆ ಈ ಕಕ್ಷೆಯ ಒಳಗೇ ಇದೆ. ಸೂರ್ಯನಿಗೆ ಹೊಂದಿಕೊಂಡ ಕಕ್ಷೆ ಹಿಡಿದರೆ ಆರ್ಬಿಟರ್ ದಿನವೂ ಒಂದೇ ಸ್ಥಳೀಯ ಹೊತ್ತಿಗೆ ಬರುತ್ತದೆ. ಮಾರ್ಸ್ ರೆಕನೈಸೆನ್ಸ್ ಆರ್ಬಿಟರ್ ಮಧ್ಯಾಹ್ನ ಮೂರು ಮತ್ತು ಬೆಳಗಿನ ಜಾವ ಮೂರರ ಆಸುಪಾಸು. ರೋವರ್ ನಡೆಸುವವರಿಗೆ ಇದು ವರ: ಮಧ್ಯಾಹ್ನದ ಕೆಲಸ ಮುಗಿದ ಕೂಡಲೇ ಚಿತ್ರ ಕಳಿಸಿ, ರಾತ್ರಿಯೊಳಗೆ ಮರುದಿನದ ಯೋಜನೆ ಬರೆಯಬಹುದು. ಟ್ರೇಸ್ ಗ್ಯಾಸ್ ಆರ್ಬಿಟರ್‌ನದು ಸಮಭಾಜಕಕ್ಕೆ 74 ಡಿಗ್ರಿ ಬಾಗಿದ ಕಕ್ಷೆ. ಅದರ ಭೇಟಿಯ ಹೊತ್ತು ದಿನದಿಂದ ದಿನಕ್ಕೆ ಜರುಗುತ್ತಾ ಹೋಗುತ್ತದೆ, ಕೆಲವು ವಾರ ಅನುಕೂಲ, ಕೆಲವು ವಾರ ಅನನುಕೂಲ. ಒಂದೇ ಆರ್ಬಿಟರ್ ಇದ್ದರೆ ಸೂರ್ಯನಿಗೆ ಹೊಂದಿದ್ದೇ ಮೇಲು. ಎರಡಿದ್ದರೆ ಒಂದೊಂದು ಬಗೆಯದು ಇರಲಿ.

ತಗ್ಗಿನ ಕಕ್ಷೆ ಉಳಿಸಿಕೊಳ್ಳುವ ಕಷ್ಟವನ್ನೂ ಬರೆಯಿರಿ. ಮಂಗಳದಲ್ಲಿ ತೆಳು ವಾತಾವರಣ ಎಳೆಯುತ್ತದೆ. ಚಂದ್ರನಲ್ಲಿ ಗಾಳಿಯಿಲ್ಲ, ಆದರೆ ನೆಲದಡಿಯ ಭಾರದ ಗಂಟುಗಳು ಕಕ್ಷೆಯನ್ನು ಎಳೆದಾಡುತ್ತವೆ. ಅಪೊಲೊ 16 ಬಿಟ್ಟುಹೋದ ಪುಟ್ಟ ಉಪಗ್ರಹ 1972ರಲ್ಲಿ 35 ದಿನಕ್ಕೇ ಚಂದ್ರನಿಗೆ ಅಪ್ಪಳಿಸಿತು. 27, 50, 76, 86 ಡಿಗ್ರಿ ಬಾಗಿನ ಆಸುಪಾಸಿನಲ್ಲಿ ಈ ಎಳೆದಾಟ ಒಂದಕ್ಕೊಂದು ಹೊಡೆದುಹೋಗುತ್ತದೆ. ಇಂಧನ ಕಡಿಮೆಯಿದ್ದರೆ ಅಲ್ಲಿ ನಿಲ್ಲಿ.

ಉದ್ದನೆಯ ದೀರ್ಘವೃತ್ತ

ಆಕಾಶದಲ್ಲಿ ಎತ್ತರಕ್ಕೆ ಹೋದ ವಸ್ತು ನಿಧಾನವಾಗುತ್ತದೆ. ಆ ಎತ್ತರದ ತುದಿಯನ್ನು ಲ್ಯಾಂಡರಿನ ಕಡೆಗೆ ಇಟ್ಟರೆ ಗಂಟೆಗಟ್ಟಲೆ ಸಂಪರ್ಕ. 2024ರ ಮಾರ್ಚ್ 20ರಂದು ಹಾರಿದ ಚೀನಾದ ರಿಲೇ ಉಪಗ್ರಹ ಚ್ವೆಚ್ಯಾವ್-2 ಸುಮಾರು 200 ಕಿ.ಮೀ.ನಿಂದ 16,000 ಕಿ.ಮೀ.ವರೆಗಿನ, 24 ಗಂಟೆಯ ಕಕ್ಷೆಗೆ ಸೇರಿತು. ತುದಿ ಇರುವುದು ದಕ್ಷಿಣಾರ್ಧದ ಮೇಲೆ, ಹಾಗಾಗಿ ಸುತ್ತಿನ ಬಹುಪಾಲು ಹೊತ್ತು ಅತ್ತಲೇ ನೋಟ. ಚಾಂಗ್’ಅ-6 ಆಚೆ ಮುಖದಿಂದ ಮಣ್ಣು ತಂದದ್ದು ಇದರ ನೆರವಿನಿಂದ. ದೂರದ ನಷ್ಟ ತುಂಬಲು 4.2 ಮೀಟರ್ ಅಗಲದ, ಬಿಚ್ಚಿಕೊಳ್ಳುವ ಆಂಟೆನಾ ಬೇಕಾಯಿತು.

ಮಂಗಳದಲ್ಲಿ ಇದು ಅಷ್ಟು ಲಾಭದ್ದಲ್ಲ. ವಾತಾವರಣದ ಅಧ್ಯಯನಕ್ಕೆ ಹೋದ ನಾಸಾದ ಮೇವನ್ 6,200 ಕಿ.ಮೀ. ತುದಿಯ ಕಕ್ಷೆಯಲ್ಲಿತ್ತು. ರಿಲೇಗೂ ಒದಗಲಿ ಎಂದು 2019ರಲ್ಲಿ ವಾತಾವರಣಕ್ಕೇ ಉಜ್ಜಿಸಿ ತುದಿಯನ್ನು 4,500 ಕಿ.ಮೀ.ಗೆ ಇಳಿಸಿದರು. ಸುತ್ತಿನ ಅವಧಿ ನಾಲ್ಕೂವರೆ ಗಂಟೆಯಿಂದ ಮೂರೂವರೆಗೆ ಬಂತು. ಇದೊಂದು ಉದಾಹರಣೆಯೇ ಮಂಗಳದ ಮಟ್ಟಿಗೆ ತಗ್ಗು ಮೇಲೆಂದು ತೋರಿಸುತ್ತದೆ.

ದೂರ ನಿಂತು ಕಾಯುವ ಎರಡು ಬಗೆ

ಚಂದ್ರನ ಆಚೆ, ಭೂಮಿ ಮತ್ತು ಚಂದ್ರರ ಸೆಳೆತದಲ್ಲಿ ನೌಕೆ ಚಂದ್ರನ ಜೊತೆಗೇ ಸಾಗುವ ಎಲ್2 ಬಿಂದುವಿನ ಸುತ್ತಲ ಹೇಲೋ ಕಕ್ಷೆ ಒಂದು. 2018ರ ಮೇ ತಿಂಗಳಲ್ಲಿ ಹಾರಿದ ಮೊದಲ ಚ್ವೆಚ್ಯಾವ್ ಚಂದ್ರನಿಂದ ಸುಮಾರು 65,000 ಕಿ.ಮೀ. ಆಚೆ ಹದಿನಾಲ್ಕು ದಿನಕ್ಕೊಂದು ಸುತ್ತು ಹಾಕುತ್ತಾ ಚಾಂಗ್’ಅ-4ರ ಮಾತನ್ನು ತಲುಪಿಸಿತು. ಎಲ್2 ಬಿಂದುವಿನಲ್ಲೇ ನಿಂತರೆ ಚಂದ್ರ ಭೂಮಿಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಆ ಬಿಂದುವಿನ ಸುತ್ತ ಬಳಸುದಾರಿ. ಆಚೆ ಮುಖದ ಮಧ್ಯ ಅಕ್ಷಾಂಶಗಳಿಗೆ ಇದಕ್ಕಿಂತ ಒಳ್ಳೆಯ ನೋಟ ಇಲ್ಲ. ಆದರೆ ಈ ಕಕ್ಷೆ ತಾನಾಗಿ ನಿಲ್ಲುವುದಿಲ್ಲ, ಸಣ್ಣ ತಿದ್ದುಪಡಿಗಳನ್ನು ಮಾಡುತ್ತಲೇ ಇರಬೇಕು.

ಎರಡನೆಯದು ಮಂಗಳದ ನೆಲದೊಂದಿಗೇ ತಿರುಗುವ 17,032 ಕಿ.ಮೀ. ಎತ್ತರದ ಸ್ಥಿರ ಕಕ್ಷೆ. ಪ್ರಾಜೆಕ್ಟ್ ತಂಡಗಳಿಗೆ ಇದರ ಮೇಲೆ ಬಹಳ ಆಸೆ, ಹಗಲೂ ರಾತ್ರಿ ಸಂಪರ್ಕ ಎಂದು. 400 ಕಿ.ಮೀ.ಗೆ ಹೋಲಿಸಿದರೆ ದೂರ 43 ಪಟ್ಟು, ಸಂಕೇತ 1,800 ಪಟ್ಟು ಕ್ಷೀಣ. ಅದೇ ಸಣ್ಣ ಆಂಟೆನಾ ಇಟ್ಟುಕೊಂಡರೆ 2 ಮೆಗಾಬಿಟ್ ವೇಗ ಒಂದು ಕಿಲೋಬಿಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಸರಿದೂಗಿಸಲು ಲ್ಯಾಂಡರಿನ ಮೇಲೆ ಗುರಿ ಇಡುವ ಡಿಶ್ ಬೇಕು, ಅದಕ್ಕೆ ಮೋಟಾರು ಬೇಕು, ಧೂಳಿನಿಂದ ಮೋಟಾರನ್ನು ಕಾಪಾಡಬೇಕು. 70 ಡಿಗ್ರಿ ಅಕ್ಷಾಂಶದ ಆಚೆಗೆ ಉಪಗ್ರಹ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಇಂಥ ರಿಲೇ ಇನ್ನೂ ಮಂಗಳದಲ್ಲಿ ನೆಲೆಯೂರಿಲ್ಲ.

ಇಳಿಯುವ ಹೊತ್ತಿಗೆ ಮಾತ್ರ

1999ರ ಡಿಸೆಂಬರಿನಲ್ಲಿ ಮಾರ್ಸ್ ಪೋಲಾರ್ ಲ್ಯಾಂಡರ್ ಇಳಿಯುವಾಗ ಏನನ್ನೂ ಕಳಿಸದೆ ಕಳೆದುಹೋಯಿತು. ಏನಾಯಿತೆಂದು ಖಚಿತವಾಗಿ ಹೇಳಲು ಒಂದು ಬಿಟ್ ಮಾಹಿತಿಯೂ ಇರಲಿಲ್ಲ. ಅದಕ್ಕೇ ಈ ಕೆಲವು ನಿಮಿಷಗಳನ್ನು ಬೇರೆಯೇ ಅಗತ್ಯವೆಂದು ಎಣಿಸಿ.

ಮೂರು ದಾರಿ ಬಳಕೆಯಲ್ಲಿವೆ. ಕೇಳಿದ್ದನ್ನು ಆಗಲೇ ಭೂಮಿಗೆ ದಾಟಿಸುವುದು: 2012ರಲ್ಲಿ ಕ್ಯೂರಿಯಾಸಿಟಿಗೆ ಒಡಿಸ್ಸಿ ಮಾಡಿದ್ದು ಇದನ್ನು. ಸಂಕೇತವನ್ನು ಬಿಡಿಸದೆ ಹಸಿಯಾಗಿಯೇ ರೆಕಾರ್ಡ್ ಮಾಡಿ ಆಮೇಲೆ ಕಳಿಸುವುದು: ಪ್ಯಾರಾಶೂಟ್ ಬಿಚ್ಚುವ ಜಗ್ಗಿಗೆ ಆವರ್ತನ ದಿಢೀರನೆ ಬದಲಾಗಿ ರಿಸೀವರ್ ಹಿಡಿತ ಕಳೆದುಕೊಂಡರೂ ರೆಕಾರ್ಡಿನಲ್ಲಿ ಅದು ಉಳಿದಿರುತ್ತದೆ. ಮೂರನೆಯದು ಜೊತೆಯಲ್ಲೇ ಪುಟ್ಟ ನೌಕೆ ಕಳಿಸುವುದು. 2018ರ ನವೆಂಬರ್ 26ರಂದು ಇನ್‌ಸೈಟ್ ಇಳಿಯುವಾಗ ಎರಡು ಮಾರ್ಕೋ ಕ್ಯೂಬ್‌ಸ್ಯಾಟ್‌ಗಳು ಮಂಗಳದ ಪಕ್ಕದಲ್ಲಿ ಹಾದುಹೋಗುತ್ತಲೇ 8 ಕಿಲೋಬಿಟ್ ವೇಗದಲ್ಲಿ ಸುದ್ದಿ ದಾಟಿಸಿದವು. ಆಮೇಲೆ ಅವು ಹೋದ ದಾರಿಯಲ್ಲೇ ಹೋದವು. ಕಾಲೇಜು ಮಟ್ಟದ ಯೋಚನೆಗೆ ಇಷ್ಟು ಚೆನ್ನಾಗಿ ಹೊಂದುವ ಮಾದರಿ ಇನ್ನೊಂದಿಲ್ಲ.

ಆರ್ಬಿಟರನ್ನು ಹೊತ್ತಿಗೆ ಸರಿಯಾಗಿ ತರುವುದು

ಕಕ್ಷೆ ಸರಿಯಿದ್ದರೂ ಲ್ಯಾಂಡರ್ ಇಳಿಯುವ ಗಳಿಗೆಯಲ್ಲಿ ಆರ್ಬಿಟರ್ ಗ್ರಹದ ಆ ಬದಿಯಲ್ಲಿದ್ದರೆ ಏನೂ ಉಪಯೋಗವಿಲ್ಲ. 2012ರ ಜೂನಿನಲ್ಲಿ ಒಡಿಸ್ಸಿಯ ದಿಕ್ಕು ಹಿಡಿದಿಡುವ ಚಕ್ರಗಳಲ್ಲಿ ಒಂದು ಕೈಕೊಟ್ಟು ಅದು ಸುರಕ್ಷಾ ಸ್ಥಿತಿಗೆ ಹೋಯಿತು, ಕಕ್ಷೆಯಲ್ಲಿ ಅದರ ಜಾಗವೂ ತಪ್ಪಿತು. ಕ್ಯೂರಿಯಾಸಿಟಿ ಇಳಿಯಲು ಹನ್ನೆರಡು ದಿನ ಇದ್ದಾಗ, ಜುಲೈ 24ರಂದು, ಥ್ರಸ್ಟರ್ ಉರಿಸಿ ಅದನ್ನು ಕಕ್ಷೆಯಲ್ಲಿ ಸುಮಾರು ಆರು ನಿಮಿಷ ಮುಂದಕ್ಕೆ ತಂದರು.

ಇಂಥದ್ದಕ್ಕೆ ಎಷ್ಟು ವೇಗ ಬದಲಿಸಬೇಕು? 400 ಕಿ.ಮೀ. ಕಕ್ಷೆಯಲ್ಲಿ ಹನ್ನೆರಡು ದಿನ ಎಂದರೆ ಸುಮಾರು 146 ಸುತ್ತು. ಆರು ನಿಮಿಷವನ್ನು ಅಷ್ಟಕ್ಕೂ ಹಂಚಿದರೆ ಸುತ್ತಿಗೆ ಎರಡೂವರೆ ಸೆಕೆಂಡ್. ಅವಧಿ ಎಷ್ಟು ಪಾಲು ಬದಲಾಗಬೇಕೋ ವೇಗ ಅದರ ಮೂರನೇ ಒಂದರಷ್ಟು ಪಾಲು ಬದಲಾದರೆ ಸಾಕು. 3.36 ಕಿ.ಮೀ. ವೇಗಕ್ಕೆ ಇದು ಸೆಕೆಂಡಿಗೆ 0.4 ಮೀಟರ್. ಒಂದೇ ದಿನ ಉಳಿದಿದ್ದಾಗ ಅದೇ ಕೆಲಸಕ್ಕೆ 4.7 ಮೀಟರ್ ಬೇಕು. ಮುಂದೆ ಹೋಗಬೇಕಾದರೆ ವೇಗ ತಗ್ಗಿಸಬೇಕು ಎಂಬುದನ್ನು ಮರೆಯಬೇಡಿ: ಕಕ್ಷೆ ತುಸು ಇಳಿದರೆ ಸುತ್ತು ಬೇಗ ಮುಗಿಯುತ್ತದೆ. ಚಿಹ್ನೆ ತಪ್ಪಿಸಿ ಬರೆಯುವ ವರದಿಗಳು ಕಡಿಮೆಯಿಲ್ಲ.

ದಿನನಿತ್ಯದ ಪಾಸ್‌ಗಳಿಗೆ ಇಷ್ಟು ನಿಖರತೆ ಬೇಡ. ದಾರಿಯುದ್ದಕ್ಕೆ 10 ಕಿ.ಮೀ. ತಪ್ಪಿದರೂ ಮೂರು ಸೆಕೆಂಡ್ ಹೆಚ್ಚುಕಡಿಮೆ. ಲ್ಯಾಂಡರಿನ ಆಂಟೆನಾ ಇಡೀ ಆಕಾಶಕ್ಕೆ ತೆರೆದಿರುವುದರಿಂದ ಗುರಿ ಇಡುವ ಪ್ರಶ್ನೆಯೂ ಇಲ್ಲ.

ಎಲ್ಲಿ ಕೆಡುತ್ತದೆ

ಡಾಪ್ಲರನ್ನು (ಸಾಪೇಕ್ಷ ವೇಗದಿಂದ ಆವರ್ತನ ಬದಲಾಗುವುದನ್ನು) ಅರ್ಧ ಮಾತ್ರ ಲೆಕ್ಕ ಹಾಕುವುದು ದೊಡ್ಡ ತಪ್ಪು. ಶನಿಯ ಉಪಗ್ರಹ ಟೈಟನ್‌ಗೆ ಹೊರಟಿದ್ದ ಹೈಗನ್ಸ್‌ನ ಮಾತು ಅದನ್ನು ಹೊತ್ತೊಯ್ದ ಕ್ಯಾಸಿನಿ ನೌಕೆಯ ಮೂಲಕ ಬರಬೇಕಿತ್ತು. ದಾರಿಯಲ್ಲಿದ್ದಾಗ, 2000ದಲ್ಲಿ, ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಬೋರಿಸ್ ಸ್ಮೆಡ್ಸ್ ನಡೆಸಿದ ಪರೀಕ್ಷೆಯಲ್ಲಿ ಬಯಲಾದದ್ದು: ಕ್ಯಾಸಿನಿಯ ರಿಸೀವರ್ ವಾಹಕದ ಆವರ್ತನ ಬದಲಾದರೆ ಹಿಡಿಯುತ್ತದೆ, ಆದರೆ ಬಿಟ್‌ಗಳ ಗತಿಯೂ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ ಎಂಬುದಕ್ಕೆ ಸಿದ್ಧವಿಲ್ಲ. ಹಾರಿದ ರೇಡಿಯೋ ಬದಲಿಸಲಾಗದು, ಹಾರುವ ದಾರಿ ಬದಲಿಸಬಹುದು. 1,200 ಕಿ.ಮೀ. ದೂರದಲ್ಲಿ ಹಾಯಬೇಕಿದ್ದ ಕ್ಯಾಸಿನಿಯನ್ನು 60,000 ಕಿ.ಮೀ. ದೂರದಲ್ಲಿ ಹಾಯಿಸಿದರು, ಸಾಪೇಕ್ಷ ವೇಗ ತಗ್ಗಿತು. 2005ರ ಜನವರಿ 14ರಂದು ಹೈಗನ್ಸ್ ಇಳಿದು ಮಾತಾಡಿತು. ರಿಲೇಯ ದೋಷವನ್ನು ಕಕ್ಷೆಯಿಂದ ತಿದ್ದಿದ ಇದಕ್ಕಿಂತ ಸೊಗಸಾದ ಉದಾಹರಣೆ ನಮಗೆ ಗೊತ್ತಿಲ್ಲ. ಆದರೂ ಎರಡು ಚಾನೆಲ್‌ಗಳ ಪೈಕಿ ಒಂದರ ರಿಸೀವರಿಗೆ ಬೇಕಾದ ಆಂದೋಲಕವನ್ನು ಆನ್ ಮಾಡುವ ಆದೇಶ ಪಟ್ಟಿಯಲ್ಲಿ ಬಿಟ್ಟುಹೋಗಿ ಅರ್ಧದಷ್ಟು ಚಿತ್ರಗಳು ಕಳೆದುಹೋದವು.

ಆಂಟೆನಾ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. 2003ರಲ್ಲಿ ಮಂಗಳಕ್ಕೆ ಇಳಿದ ಲ್ಯಾಂಡರ್ ಬೀಗಲ್-2 ಮಾತಾಡಲೇ ಇಲ್ಲ. 2015ರಲ್ಲಿ ಚಿತ್ರಗಳಲ್ಲಿ ಸಿಕ್ಕಾಗ ಅದರ ಸೌರಫಲಕಗಳು ಪೂರ್ತಿ ಬಿಚ್ಚಿರಲಿಲ್ಲ, ಆಂಟೆನಾ ಇದ್ದದ್ದು ಫಲಕದ ಅಡಿಯಲ್ಲಿ. ಬಿಚ್ಚಿಕೊಳ್ಳುವ ಭಾಗದ ಕೆಳಗೆ ಒಂದೇ ಒಂದು ಆಂಟೆನಾವನ್ನು ಎಂದಿಗೂ ಇಡಬೇಡಿ.

ಚೀನಾದ ಜುರಾಂಗ್ ರೋವರಿಗೆ ಯುರೋಪಿನ ಆರ್ಬಿಟರ್ ಮಾರ್ಸ್ ಎಕ್ಸ್‌ಪ್ರೆಸ್ ಕರೆಯುವ ಆವರ್ತನ ಕೇಳಿಸುತ್ತಿರಲಿಲ್ಲ. 2021ರ ನವೆಂಬರಿನಲ್ಲಿ ರೋವರ್ ಕುರುಡಾಗಿ ಕಳಿಸಿ, ಆರ್ಬಿಟರ್ ಬರೀ ಕೇಳಿಸಿಕೊಂಡು ಪ್ರಯೋಗ ನಡೆಸಿದರು. ತಪ್ಪಿದ ಕಂತನ್ನು ಮತ್ತೆ ಕೇಳಲು ಇಲ್ಲಿ ದಾರಿಯಿಲ್ಲ. ಬೇರೆಯವರ ಆರ್ಬಿಟರ್ ಬಳಸುವ ಯೋಚನೆ ಇದ್ದರೆ ಆವರ್ತನವನ್ನು ಮೊದಲ ದಿನವೇ ಹೊಂದಿಸಿ.

ಇವೆಲ್ಲದರ ಜೊತೆ, ಸುಮಾರು 26 ತಿಂಗಳಿಗೊಮ್ಮೆ ಮಂಗಳ ಸೂರ್ಯನ ಹಿಂದೆ ಸರಿದಾಗ ಎರಡು ವಾರ ಆದೇಶ ಕಳಿಸುವುದನ್ನು ನಿಲ್ಲಿಸುತ್ತಾರೆ. ಲ್ಯಾಂಡರಿನ ಮೆಮೊರಿ ಅಷ್ಟು ದಿನಕ್ಕೆ ಸಾಕಾಗಬೇಕು.

ನಮ್ಮ ಆಯ್ಕೆ

ಚಂದ್ರನ ಈಚೆ ಮುಖ: ನೇರ ದಾರಿ, ಆಪತ್ತಿಗೆ ಧ್ರುವ ಕಕ್ಷೆಯ ಆರ್ಬಿಟರ್. ದಕ್ಷಿಣ ಧ್ರುವದ ಕುಳಿಗಳು ಮತ್ತು ಆಚೆ ಮುಖದ ದಕ್ಷಿಣ ಭಾಗ: ದೀರ್ಘವೃತ್ತ. ಆಚೆ ಮುಖದ ನಡುಭಾಗ: ಹೇಲೋ. ಮಂಗಳ: 400 ಕಿ.ಮೀ. ವೃತ್ತ, ಸೂರ್ಯನಿಗೆ ಹೊಂದಿದ್ದು, ವೇಗ ಬದಲಿಸುವ ರೇಡಿಯೋ, ಇಳಿಯುವ ಹೊತ್ತಿಗೆ ಒಂದು ಜೋಡಿ ಕ್ಯೂಬ್‌ಸ್ಯಾಟ್. ಜೋಡಿ ಎನ್ನುವುದು ಚೌಕಾಸಿಗೆ ಒಳಪಡದ ಮಾತು.

ಕೈಯಾರೆ ಮಾಡಿ ನೋಡಲು

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ (ಹವ್ಯಾಸಿ ರೇಡಿಯೋ) ರಿಪೀಟರ್ ಚಾಲೂ ಇದ್ದಾಗ 437.800 ಮೆಗಾಹರ್ಟ್ಝ್‌ನಲ್ಲಿ ಕೇಳಿಸುತ್ತದೆ, ಮಂಗಳದ ಆರ್ಬಿಟರ್‌ಗಳು ಕರೆಯುವ ಆವರ್ತನಕ್ಕೆ ತೀರಾ ಹತ್ತಿರ. ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್), ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ, ಲ್ಯಾಪ್‌ಟಾಪ್ ಸಾಕು. ಕೇಳುವುದಷ್ಟೇ ಮಾಡಿ, ಮಾತಾಡಲು ಹ್ಯಾಮ್ ಪರವಾನಗಿ ಬೇಕು. ದಿಗಂತ ತೆರೆದಿರುವ ಜಾಗ ಹುಡುಕಿ. ತುಮಕೂರಿನವರಿಗೆ ದೇವರಾಯನದುರ್ಗದ ಮೇಲ್ಭಾಗ ಹೇಳಿ ಮಾಡಿಸಿದಂತಿದೆ.

ಮೊದಲು ಮೇಲಿನ ಸೂತ್ರದಿಂದ ಪಾಸಿನ ಅವಧಿ ಲೆಕ್ಕ ಹಾಕಿ. 420 ಕಿ.ಮೀ. ಎತ್ತರ, 10 ಡಿಗ್ರಿ ಕೋನಕ್ಕೆ ನೆತ್ತಿಯ ಪಾಸ್ ಸುಮಾರು ಆರೂವರೆ ನಿಮಿಷ ಬರಬೇಕು. ಡಾಪ್ಲರ್ ಎರಡೂ ಕಡೆಗೆ 10 ಕಿಲೋಹರ್ಟ್ಝ್ ಆಸುಪಾಸು. ಆಮೇಲೆ ಅಳೆದು ಹೋಲಿಸಿ. ಉಪಗ್ರಹ ಬರುವ ಹೊತ್ತು ಹೇಳುವ ಜಿಪ್ರೆಡಿಕ್ಟ್ ತಂತ್ರಾಂಶಕ್ಕೆ ಮೊದಲ ಸಲ ಅಂದಿನ ಕಕ್ಷಾ ಮಾಹಿತಿ ಕೊಡಿ, ಎರಡನೇ ಸಲ ಎರಡು ವಾರ ಹಳೆಯದನ್ನು ಕೊಡಿ. ನಿಲ್ದಾಣ ಹೇಳಿದ ಹೊತ್ತಿಗೂ ಬಂದ ಹೊತ್ತಿಗೂ ಎಷ್ಟು ಸೆಕೆಂಡ್ ವ್ಯತ್ಯಾಸ ಎಂದು ಬರೆದಿಟ್ಟುಕೊಳ್ಳಿ. ಲ್ಯಾಂಡರಿನ ರೇಡಿಯೋವನ್ನು ಪಾಸಿಗೆ ಎಷ್ಟು ಮುಂಚೆ ಆನ್ ಮಾಡಬೇಕು, ಅದಕ್ಕೆ ಎಷ್ಟು ವಾಟ್-ಗಂಟೆ ತೆಗೆದಿಡಬೇಕು ಎಂಬ ಸಾಲನ್ನು ವರದಿಯಲ್ಲಿ ತುಂಬುವಾಗ ಈ ಅಳತೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ.